ಹತ್ತು ಗಂಟೆಗೊಂದು ಫೋಟಾನು

ಮೊದಲು ಒಂದು ಲೆಕ್ಕ. ಎಂ51 ಎಂಬ ಸುರುಳಿ ಗ್ಯಾಲಕ್ಸಿಯಲ್ಲಿ ಒಂದು ಸಾಧಾರಣ ಎಕ್ಸ್‌ರೇ ಆಕರವಿದೆ ಎಂದಿಟ್ಟುಕೊಳ್ಳಿ. ಸಾಧಾರಣ ಎಂದೆನೆಂದು ಹಗುರವಾಗಿ ಕಾಣಬೇಡಿ. ನಮ್ಮ ಸೂರ್ಯ ಎಲ್ಲ ಬಗೆಯ ಬೆಳಕೂ ಸೇರಿ ಹೊರಸೂಸುವ ಶಕ್ತಿಯ 260 ಪಟ್ಟನ್ನು ಅದು ಬರೀ ಎಕ್ಸ್‌ರೇ ರೂಪದಲ್ಲೇ ಚೆಲ್ಲುತ್ತಿದೆ. ಫೋಟಾನುಗಳ ಲೆಕ್ಕದಲ್ಲಿ ಹೇಳುವುದಾದರೆ, ಪ್ರತಿ ಸೆಕೆಂಡಿಗೆ 6ರ ಮುಂದೆ 44 ಸೊನ್ನೆ. ಅವೆಲ್ಲ ದಿಕ್ಕುದಿಕ್ಕಿಗೆ ಚದುರಿ, ಅದರಲ್ಲಿ ನಮ್ಮತ್ತ ಹೊರಟವು 2.8 ಕೋಟಿ ವರ್ಷ ನಡೆದು, ಭೂಮಿಯನ್ನು ಸುತ್ತುತ್ತಿರುವ ಚಂದ್ರಾ ದೂರದರ್ಶಕದ ಬಾಯಿಗೆ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತವೆ? ಗೋಳದ ಮೇಲ್ಮೈಯ ಸೂತ್ರ ಗೊತ್ತಿರುವ ಹೈಸ್ಕೂಲು ಹುಡುಗಿಯೂ ಭಾಗಿಸಿ ನೋಡಬಹುದು. ಉತ್ತರ, ಸುಮಾರು ಹತ್ತು ಗಂಟೆಗೆ ಒಂದು ಫೋಟಾನು.

ಬೆಳಗಿನ ಕಾಫಿ ಹೊತ್ತಿಗೆ ಒಂದು ಬಂದರೆ ಇನ್ನೊಂದು ರಾತ್ರಿ ಊಟದ ಹೊತ್ತಿಗೆ. ಖಗೋಳ ಎಂದರೆ ದೊಡ್ಡ ದೊಡ್ಡ ಅಂಕಿ ಎಂದು ನಾವು ಅಂದುಕೊಂಡಿದ್ದೇವೆ. ಪತ್ರಿಕೆಗಳೂ ಸೊನ್ನೆಗಳನ್ನು ಪೋಣಿಸಿಯೇ ಓದುಗರನ್ನು ಹೆದರಿಸುವುದು. ನನಗೆ ಮಾತ್ರ ಈ ಸಣ್ಣ ಅಂಕಿಗಳೇ ಹೆಚ್ಚು ದಂಗುಬಡಿಸುತ್ತವೆ. ಹತ್ತು ಗಂಟೆಗೊಂದು, ಇಪ್ಪತ್ತು ಗಂಟೆಗೆ ಎರಡು ಎಂದು ಕೂಡಿಟ್ಟ ಚಿಲ್ಲರೆಯಿಂದ ಒಂದು ಪರ ಗ್ಯಾಲಕ್ಸಿಯೊಳಗಿನ ಜೋಡಿ ನಕ್ಷತ್ರಗಳ ಸಂಸಾರವನ್ನು ಓದಿದ್ದಾರೆ ಎನ್ನುವುದು ಸಾಮಾನ್ಯ ಸಂಗತಿಯೇನಲ್ಲ.

ಎಂ51 ಎಲ್ಲಿದೆ ಎಂದು ಹುಡುಕುವುದು ಕಷ್ಟವಲ್ಲ. ಏಪ್ರಿಲ್-ಮೇ ತಿಂಗಳ ರಾತ್ರಿ ಉತ್ತರಕ್ಕೆ ಮುಖಮಾಡಿ ನಿಂತರೆ ಸಪ್ತರ್ಷಿ ಮಂಡಲ ಕಾಣುತ್ತದೆ. ಮದುವೆಯಲ್ಲಿ ಅರುಂಧತಿಯನ್ನು ತೋರಿಸುವಾಗ ಹುಡುಕುವ ವಸಿಷ್ಠನನ್ನು ದಾಟಿದರೆ ಬಾಲದ ಕೊನೆಗೆ ಮರೀಚಿ. ಅದರಿಂದ ಮೂರೂವರೆ ಡಿಗ್ರಿಯಷ್ಟು ಸರಿದರೆ ಎಂ51. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ಊರ ದೀಪಗಳಿಲ್ಲದ ಕಡೆ ಒಳ್ಳೆಯ ಬೈನಾಕ್ಯುಲರ್ ಹಿಡಿದರೆ ಹೊಗೆಯ ಚುಕ್ಕೆಯೊಂದು ಸಿಕ್ಕೀತು. 1773ರಲ್ಲಿ ಧೂಮಕೇತು ಹುಡುಕುತ್ತಿದ್ದ ಷಾರ್ಲ್ ಮೆಸಿಯೆ ಇದನ್ನು ಕಂಡು, ಧೂಮಕೇತುವಲ್ಲ ಎಂದು ತನ್ನ ಪಟ್ಟಿಗೆ ಸೇರಿಸಿ ಮುಂದೆ ಹೋದ. 1845ರಲ್ಲಿ ಐರ್ಲೆಂಡಿನ ಬರ್ ಕೋಟೆಯಲ್ಲಿ ಲಾರ್ಡ್ ರಾಸ್ ಆರಡಿ ಅಗಲದ ಕನ್ನಡಿಯ ದೂರದರ್ಶಕ ನಿಲ್ಲಿಸಿ ನೋಡಿದಾಗ ಅದರಲ್ಲಿ ಸುರುಳಿ ತೋಳುಗಳಿದ್ದವು. ಆಕಾಶದ ಮಸುಕು ಮೋಡಗಳಲ್ಲಿ ಸುರುಳಿ ಆಕಾರ ಮೊದಲು ಕಂಡದ್ದು ಇಲ್ಲೇ. ‘ವರ್ಲ್‌ಪೂಲ್’, ಅಂದರೆ ನೀರಿನ ಸುಳಿ, ಎಂಬ ಹೆಸರು ಅಂಟಿಕೊಂಡಿತು. ಪಕ್ಕದಲ್ಲೊಂದು ಸಣ್ಣ ಗ್ಯಾಲಕ್ಸಿ ತೋಳು ಹಿಡಿದುಕೊಂಡಂತೆ ತೂಗಾಡುತ್ತಿದೆ. ಅದರ ಸೆಳೆತಕ್ಕೆ ದೊಡ್ಡದರ ಅನಿಲ ಕಲಕಿ, ಎಡೆಬಿಡದೆ ಹೊಸ ನಕ್ಷತ್ರ ಹುಟ್ಟುತ್ತಿವೆ. ಹುಟ್ಟು ಹೆಚ್ಚಿದ್ದಲ್ಲಿ ಸಾವೂ ಹೆಚ್ಚು. 1994, 2005, 2011 ಹೀಗೆ 17 ವರ್ಷದಲ್ಲಿ ಮೂರು ಸೂಪರ್‌ನೋವಾಗಳನ್ನು ನಾವು ಅಲ್ಲಿ ನೋಡಿದ್ದೇವೆ. ಅದೇ ನಮ್ಮ ಆಕಾಶಗಂಗೆಯಲ್ಲಿ ಕಣ್ಣಿಗೆ ಕಂಡ ಕೊನೆಯ ಸೂಪರ್‌ನೋವಾ ಕೆಪ್ಲರ್ ಕಾಲದ್ದು, 1604ರದ್ದು.

ಆದರೆ ಎಕ್ಸ್‌ರೇಯಲ್ಲಿ ನೋಡಲು ನೆಲದ ಮೇಲಿನ ಯಾವ ದೂರದರ್ಶಕವೂ ಪ್ರಯೋಜನಕ್ಕಿಲ್ಲ, ವಾತಾವರಣವೇ ಅದನ್ನು ನುಂಗಿಬಿಡುತ್ತದೆ. ನಮ್ಮ ಪುಣ್ಯ, ಇಲ್ಲದಿದ್ದರೆ ಇದನ್ನು ಬರೆಯಲು ನಾನೂ ಇರುತ್ತಿರಲಿಲ್ಲ. ಹಾಗಾಗಿ ಮೇಲಕ್ಕೆ ಹೋಗಲೇಬೇಕು. 1962ರ ಜೂನ್‌ನಲ್ಲಿ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರು ಅಮೆರಿಕದ ನ್ಯೂ ಮೆಕ್ಸಿಕೊದಿಂದ ಸಣ್ಣ ರಾಕೆಟ್ ಒಂದನ್ನು ಹಾರಿಸಿ, ಆರು ನಿಮಿಷದೊಳಗೆ ಸೌರವ್ಯೂಹದ ಹೊರಗಿನ ಮೊದಲ ಎಕ್ಸ್‌ರೇ ಆಕರವನ್ನು ವೃಶ್ಚಿಕ ರಾಶಿಯ ದಿಕ್ಕಿನಲ್ಲಿ ಕಂಡುಹಿಡಿದರು. ಆರು ನಿಮಿಷದ ಆ ಹಾರಾಟದಿಂದ ಹೊಸದೊಂದು ಶಾಸ್ತ್ರವೇ ಶುರುವಾಯಿತು. 2002ರಲ್ಲಿ ಜಿಯಾಕೋನಿಗೆ ನೊಬೆಲ್ ಬಂತು. 1970ರ ಡಿಸೆಂಬರಿನಲ್ಲಿ ಕೀನ್ಯಾದ ಕರಾವಳಿಯಿಂದ ಹಾರಿದ ಉಹುರು ಉಪಗ್ರಹ ಇಡೀ ಆಕಾಶವನ್ನು ಗುಡಿಸಿ ಕೊಟ್ಟ ಕೊನೆಯ ಪಟ್ಟಿಯಲ್ಲಿ 339 ಆಕರಗಳಿದ್ದವು. ಇಡೀ ಆಕಾಶಕ್ಕೆ 339. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ.

1999ರ ಜುಲೈಯಲ್ಲಿ ಕೊಲಂಬಿಯಾ ನೌಕೆ ಚಂದ್ರಾವನ್ನು ಮೇಲಕ್ಕೊಯ್ದಿತು. ಎಕ್ಸ್‌ರೇಗೆ ಮಾಮೂಲಿ ಕನ್ನಡಿ ಆಗದು; ನೇರ ಬಿದ್ದರೆ ಅದು ಕನ್ನಡಿಯೊಳಗೇ ಇಂಗಿಹೋಗುತ್ತದೆ. ಕೆರೆಗೆ ಓರೆಯಾಗಿ ಎಸೆದ ಬಿಲ್ಲೆಕಲ್ಲಿನಂತೆ ಸವರಿಕೊಂಡು ಹೋದರೆ ಮಾತ್ರ ಪುಟಿಯುತ್ತದೆ. ಅದಕ್ಕೇ ಚಂದ್ರಾದ ಕನ್ನಡಿಗಳು ತಟ್ಟೆಗಳಲ್ಲ, ಒಂದರೊಳಗೊಂದು ಕೂತ ನಾಲ್ಕು ಜೋಡಿ ಪೀಪಾಯಿಗಳು. ಹೊರಗಿನದರ ವ್ಯಾಸ 1.2 ಮೀಟರ್. ಒಳಮೈಗೆ ಇರಿಡಿಯಂ ಲೇಪ, ನುಣುಪು ಎಷ್ಟೆಂದರೆ ಏರುತಗ್ಗುಗಳು ಕೆಲವೇ ಪರಮಾಣುಗಳಷ್ಟು. ಇಷ್ಟೆಲ್ಲ ಮಾಡಿಯೂ ಓರೆಯಿಂದ ನೋಡುವ ಕಾರಣ, ಕೊನೆಗೆ ಬೆಳಕು ಹಿಡಿಯಲು ಸಿಗುವ ಜಾಗ ಸುಮಾರು 400 ಚದರ ಸೆಂಟಿಮೀಟರ್. ನೀವು ಓದುತ್ತಿರುವ ಪುಟಕ್ಕಿಂತ ಅಷ್ಟೇನೂ ದೊಡ್ಡದಲ್ಲ. ಮೊದಲಿನ ಲೆಕ್ಕದಲ್ಲಿ ಹತ್ತು ಗಂಟೆ ಬಂದದ್ದು ಈ 400ರಿಂದ.

ಹತ್ತು ಗಂಟೆಗೊಂದು ಫೋಟಾನು ಬರುವುದಾದರೆ ಮಾಡುವ ಕೆಲಸ ಒಂದೇ: ಕಾಯುವುದು. ಹೀಗೆ ಬಿಟ್ಟೂಬಿಟ್ಟೂ ಚಂದ್ರಾ ಎಂ51 ಅನ್ನು ಒಟ್ಟು ಹತ್ತಿರ ಹತ್ತಿರ ಹತ್ತು ಲಕ್ಷ ಸೆಕೆಂಡು ನೋಡಿದೆ. ದಿನಕ್ಕೆ ತಿರುಗಿಸಿದರೆ ಹನ್ನೊಂದಕ್ಕೆ ಸ್ವಲ್ಪ ಕಮ್ಮಿ-ಜಾಸ್ತಿ. ಜಗತ್ತಿನ ಎಲ್ಲ ಖಗೋಳಜ್ಞರೂ ಗಂಟೆಗಳಿಗಾಗಿ ಅರ್ಜಿ ಹಾಕಿ ಸಾಲುಗಟ್ಟಿ ನಿಂತಿರುವ ಯಂತ್ರದಲ್ಲಿ ಒಂದೇ ಗ್ಯಾಲಕ್ಸಿಗೆ ಇಷ್ಟು ಸಮಯ ಸಿಕ್ಕಿತೆಂದರೆ ಅದು ದೊಡ್ಡ ದಾನವೇ. ಫಲವಾಗಿ ಬಂದ ಚಿತ್ರದಲ್ಲಿ 500ರ ಸಮೀಪ ಚುಕ್ಕೆಗಳಿದ್ದವು. ಅವುಗಳಲ್ಲಿ ನೂರರಷ್ಟು ಎಂ51ಕ್ಕೆ ಸೇರದವು, ಮುಂದೆಯೋ ಹಿಂದೆಯೋ ಇದ್ದು ಚಿತ್ರದೊಳಗೆ ತಲೆ ತೂರಿದವು. ಉಳಿದ 400 ಅಲ್ಲಿನವೇ. ಉಹುರು ಇಡೀ ಆಕಾಶದಲ್ಲಿ ಕಂಡದ್ದು 339, ಚಂದ್ರಾ 2.8 ಕೋಟಿ ಜ್ಯೋತಿರ್ವರ್ಷ ಆಚೆ, ಹುಣ್ಣಿಮೆ ಚಂದ್ರನ ಅಗಲದ ಮೂರನೇ ಒಂದು ಪಾಲಿನಷ್ಟು ಆಕಾಶದೊಳಗೆ 400 ಎಣಿಸಿತು. ನಡುವೆ ಆದ ಕಾಲ ಒಬ್ಬ ನೌಕರನ ಸೇವಾವಧಿಗಿಂತ ತುಸು ಹೆಚ್ಚು, ಅಷ್ಟೆ.

ಈ ನಾನೂರರಲ್ಲಿ ಬಹುಪಾಲು ಎಕ್ಸ್‌ರೇ ಜೋಡಿಗಳು. ಒಂದು ಮಾಮೂಲಿ ನಕ್ಷತ್ರ. ಅದರ ಜತೆಗೆ ಸತ್ತ ನಕ್ಷತ್ರದ ಅವಶೇಷ, ಅಂದರೆ ನ್ಯೂಟ್ರಾನ್ ತಾರೆ ಅಥವಾ ಕಪ್ಪುಕುಳಿ. ಸತ್ತದ್ದು ಬದುಕಿದ್ದನ್ನು ಹೀರುತ್ತದೆ. ಜಾರಿ ಬರುವ ಅನಿಲ ಸುತ್ತಿ ಸುತ್ತಿ, ತಿಕ್ಕಾಡಿ, ಲಕ್ಷಾಂತರ ಡಿಗ್ರಿ ಕಾದು ಎಕ್ಸ್‌ರೇ ಚೆಲ್ಲುತ್ತದೆ. ಕನಿಷ್ಠ ಹತ್ತು ಜೋಡಿಗಳಲ್ಲಿ ಕಪ್ಪುಕುಳಿ ಇರಬಹುದೆಂದು ಅಂದಾಜು, ಅಷ್ಟು ಪ್ರಖರ. ಆ ಹತ್ತರಲ್ಲಿ ಎಂಟರ ಸಂಗಾತಿ ಸೂರ್ಯನಿಗಿಂತ ಬಹಳ ದೊಡ್ಡ ನಕ್ಷತ್ರ.

ಬೀಳುವುದರಿಂದ ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ನ್ಯೂಟ್ರಾನ್ ತಾರೆಯ ಅಗಲ 20 ಕಿಲೋಮೀಟರಿನ ಆಸುಪಾಸು, ತೂಕ ಸೂರ್ಯನದರ ಒಂದೂವರೆಪಟ್ಟು. ಅದರ ಮೇಲೆ ಒಂದು ಗ್ರಾಂ ಉಪ್ಪು ಬಿತ್ತೆಂದುಕೊಳ್ಳಿ. ಬಿದ್ದ ಹೊಡೆತಕ್ಕೆ ಹೊಮ್ಮುವ ಶಕ್ತಿ ನಮ್ಮ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ 50 ಲಕ್ಷ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಉರಿಸುವ ಮನೆಗೆ ಚಿಟಿಕೆ ಉಪ್ಪಿನಿಂದ ನಾಲ್ಕು ಸಾವಿರ ವರ್ಷ ಕರೆಂಟು. ಸೂರ್ಯನೊಳಗೆ ನಡೆಯುವ ಬೆಸುಗೆಯಲ್ಲಿ ಜಲಜನಕದ ದ್ರವ್ಯರಾಶಿಯ ನೂರಕ್ಕೆ ಒಂದು ಪಾಲೂ ಶಕ್ತಿಯಾಗುವುದಿಲ್ಲ. ಇಲ್ಲಿ ಬರೀ ಕೆಳಗೆ ಬಿದ್ದದ್ದಕ್ಕೇ ಇಪ್ಪತ್ತು ಪಾಲು. ವಿಶ್ವದ ಅತಿ ದಕ್ಷ ಒಲೆಗಳಲ್ಲಿ ಒಂದು ಇದು, ಅದಕ್ಕೆ ಬೆಂಕಿಯೇ ಬೇಡ.

ಈಗ ಆ ನಾನೂರರಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಹೆಸರು ಯುಎಲ್‌ಎಕ್ಸ್-7. ಯುಎಲ್‌ಎಕ್ಸ್ ಎಂದರೆ ಅತಿಪ್ರಖರ ಎಕ್ಸ್‌ರೇ ಆಕರ. ಗ್ಯಾಲಕ್ಸಿಯ ನಡುಮಧ್ಯದಲ್ಲಿರದೆ ಎಲ್ಲೋ ಪಕ್ಕದಲ್ಲಿದ್ದುಕೊಂಡು ಲಕ್ಷಾಂತರ ಸೂರ್ಯರಷ್ಟು ಉರಿಯುವವು. ಇದರ ಏರು ಹೊತ್ತಿನ ಪ್ರಖರತೆ 26 ಲಕ್ಷ ಸೂರ್ಯರಷ್ಟು. ಬಹಳ ಕಾಲ ಇಂಥವನ್ನೆಲ್ಲ ಕಪ್ಪುಕುಳಿ ಎಂದೇ ನಂಬಲಾಗಿತ್ತು. ನಂಬಿಕೆಗೆ ಆಧಾರವಿತ್ತು: ಬೆಳಕಿಗೂ ಒತ್ತಡವಿದೆ, ಉರಿ ಒಂದು ಮಟ್ಟ ಮೀರಿದರೆ ಆ ಒತ್ತಡವೇ ಒಳಬರುವ ಅನಿಲವನ್ನು ಹೊರಗೆ ತಳ್ಳಿ ಊಟ ನಿಲ್ಲಿಸುತ್ತದೆ. ಈ ಮಿತಿಗೆ ಆರ್ಥರ್ ಎಡಿಂಗ್ಟನ್ ಹೆಸರಿದೆ. ನ್ಯೂಟ್ರಾನ್ ತಾರೆಗೆ ಅದು ಸುಮಾರು 46 ಸಾವಿರ ಸೂರ್ಯರಷ್ಟು. 26 ಲಕ್ಷ ಸೂರ್ಯರಷ್ಟು ಉರಿಯಬೇಕಾದರೆ ಒಳಗಿರುವುದು ಭಾರೀ ಕಪ್ಪುಕುಳಿಯೇ ಎಂದು ಲೆಕ್ಕ ಹೇಳುತ್ತಿತ್ತು.

ಲೆಕ್ಕ ಎಡವಿದ್ದು 2014ರಲ್ಲಿ. ಎಂ82 ಎಂಬ ಬೇರೆ ಗ್ಯಾಲಕ್ಸಿಯಲ್ಲಿ ಆಗಷ್ಟೇ ಸಿಡಿದಿದ್ದ ಸೂಪರ್‌ನೋವಾ ನೋಡಲು ನುಸ್ಟಾರ್ ಉಪಗ್ರಹವನ್ನು ತಿರುಗಿಸಿದ್ದರು. ಅದರ ದತ್ತಾಂಶ ಜಾಲಾಡುತ್ತಿದ್ದ ಇಟಲಿಯ ಮಟೆಯೊ ಬಕೆಟ್ಟಿ ಮತ್ತು ಸಂಗಡಿಗರಿಗೆ ಪಕ್ಕದ ಯುಎಲ್‌ಎಕ್ಸ್ ಒಂದು 1.37 ಸೆಕೆಂಡಿಗೊಮ್ಮೆ ಮಿಡಿಯುವುದು ಕಂಡಿತು. ಕಪ್ಪುಕುಳಿಗೆ ಗಟ್ಟಿ ಮೈಯಿಲ್ಲ, ಗಡಿಯಾರದಂತೆ ಮಿಡಿಯಲಾರದು. ಮಿಡಿದರೆ ಅದು ನ್ಯೂಟ್ರಾನ್ ತಾರೆ. ಅಲ್ಲಿಂದ ಎಲ್ಲರೂ ಹಳೆಯ ಯುಎಲ್‌ಎಕ್ಸ್‌ಗಳ ನಾಡಿ ಹಿಡಿಯತೊಡಗಿದರು. 2020ರಲ್ಲಿ ಎಂ51ರ ಏಳನೆಯದೂ ಸಿಕ್ಕಿತು: ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕದ ಕಣ್ಣಿಗೆ ಅದು 2.8 ಸೆಕೆಂಡಿಗೊಮ್ಮೆ ತಿರುಗುತ್ತಿತ್ತು.

ಇದನ್ನು ಹಿಡಿದ ಬಗೆ ನೋಡಿ. ಒಂದು ಸುತ್ತಿಗೆ ಕೈಗೆ ಸಿಗುವುದು ಅಂದಾಜು ಒಂದೋ ಎರಡೋ ಫೋಟಾನು. ಅದರಲ್ಲೂ ಮಿಡಿತದ ಪಾಲು ನೂರಕ್ಕೆ ಐದರಿಂದ ಇಪ್ಪತ್ತು, ಉಳಿದದ್ದು ಒಂದೇ ಸಮನೆ ಬರುವ ಬೆಳಕು. ಹಾಗಾಗಿ ಮಿಡಿತವನ್ನು ಯಾರೂ ನೋಡಲಾರರು, ಪ್ರತಿ ಫೋಟಾನಿನ ಆಗಮನದ ಗಳಿಗೆಯನ್ನು ಬರೆದಿಟ್ಟುಕೊಂಡು ಸಾವಿರಾರು ಸುತ್ತುಗಳನ್ನು ಒಂದರ ಮೇಲೊಂದು ಮಡಿಚಬೇಕು. ದಿನಕ್ಕೆ 30 ಸಾವಿರಕ್ಕೂ ಮಿಕ್ಕಿ ಸುತ್ತು. ಮಡಿಚುವಾಗ ತೊಡಕೊಂದು ಎದುರಾಗುತ್ತದೆ: ಈ ತಾರೆ ನಿಂತಲ್ಲಿ ನಿಂತಿಲ್ಲ, ಎರಡು ದಿನಕ್ಕೊಮ್ಮೆ ತನ್ನ ಸಂಗಾತಿಯ ಜತೆ ಪ್ರದಕ್ಷಿಣೆ ಬರುತ್ತದೆ. ನಮ್ಮತ್ತ ಬಂದಾಗ ಮಿಡಿತ 28 ಸೆಕೆಂಡು ಬೇಗ ತಲುಪುತ್ತದೆ, ಅತ್ತ ಸರಿದಾಗ 28 ಸೆಕೆಂಡು ತಡ. ಅಂದರೆ ಕಕ್ಷೆಯ ತ್ರಿಜ್ಯ ನಮಗೆ ಕಂಡಂತೆ 28 ಜ್ಯೋತಿಸೆಕೆಂಡು, 84 ಲಕ್ಷ ಕಿಲೋಮೀಟರ್. ವೇಗ ಸೆಕೆಂಡಿಗೆ 300 ಕಿಲೋಮೀಟರ್. ಇಂಥ ದೇಹವನ್ನು ಎರಡು ದಿನದಲ್ಲಿ ಸುತ್ತಿಸಬೇಕಾದರೆ ಎದುರಿನ ನಕ್ಷತ್ರ ಎಂಟು ಸೂರ್ಯರಿಗಿಂತ ಹಗುರವಾಗಿರಲು ಸಾಧ್ಯವಿಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. 2.8 ಕೋಟಿ ವರ್ಷ ಎಂದರೆ 880 ಲಕ್ಷ ಕೋಟಿ ಸೆಕೆಂಡು. ಅಷ್ಟು ಹೊತ್ತು ನಡೆದು ಬಂದ ಬೆಳಕು 28 ಸೆಕೆಂಡು ಬೇಗ ಬಂತೋ ತಡವಾಗಿ ಬಂತೋ ಎಂದು ಇವರು ಹೇಳುತ್ತಿದ್ದಾರೆ. ಎಕ್ಸ್‌ರೇ ದೂರದರ್ಶಕಗಳಲ್ಲಿ ಚಂದ್ರಾದ ನೋಟವೇ ಎಲ್ಲಕ್ಕಿಂತ ಹರಿತ. ಆದರೂ ಆ ದೂರದಲ್ಲಿ ಅದು ಬಿಡಿಸಿ ನೋಡಬಲ್ಲ ಅತಿ ಸಣ್ಣ ತುಣುಕು 68 ಜ್ಯೋತಿರ್ವರ್ಷ, 640 ಲಕ್ಷ ಕೋಟಿ ಕಿಲೋಮೀಟರ್. ಚಿತ್ರದಲ್ಲಿ ಆ ಒಂದು ಚುಕ್ಕೆಯೊಳಗೆ ಸಾವಿರಾರು ನಕ್ಷತ್ರ ಅಡಗಿರಬಹುದು. ಅದರೊಳಗಿನ 20 ಕಿಲೋಮೀಟರಿನ ಗೋಳವನ್ನು ಚಿತ್ರ ಯಾವತ್ತೂ ತೋರಿಸದು. ತೋರಿಸಿದ್ದು ಗಡಿಯಾರ.

ಊಟದ ಲೆಕ್ಕವನ್ನೂ ಮುಗಿಸಿಬಿಡೋಣ. 26 ಲಕ್ಷ ಸೂರ್ಯರಷ್ಟು ಉರಿಯಲು ಈ ತಾರೆ ಸೆಕೆಂಡಿಗೆ 54 ಲಕ್ಷ ಕೋಟಿ ಟನ್ ನುಂಗಬೇಕು. ಮೂರೂವರೆ ವರ್ಷಕ್ಕೆ ನಮ್ಮ ಭೂಮಿಯ ತೂಕದಷ್ಟಾಯಿತು. ಬೆಳಕು ಎಲ್ಲೆಡೆ ಹರಡದೆ ಟಾರ್ಚಿನಂತೆ ನಮ್ಮ ಕಡೆಗೇ ಮುಖಮಾಡಿದ್ದರೆ ಈ ಅಂಕಿ ಇಳಿಯುತ್ತದೆ; ಎಷ್ಟು ಇಳಿಸಬೇಕು ಎಂಬುದರ ಮೇಲೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಹೇಗೇ ನೋಡಿದರೂ ಎಡಿಂಗ್ಟನ್ ಹಾಕಿದ ಗೆರೆಯನ್ನು ಅದು ತುಳಿದು ನಿಂತಿದೆ. ಪ್ರಬಲ ಕಾಂತಕ್ಷೇತ್ರವೊಂದು ಅನಿಲವನ್ನು ಧ್ರುವಗಳತ್ತ ಕೊಳವೆಯಲ್ಲಿ ಹರಿಸಿದಂತೆ ಇಳಿಸಿ, ಬೆಳಕು ಪಕ್ಕಗಳಿಂದ ಸೋರಿಹೋಗಲು ಬಿಡುವುದರಿಂದ ಇದು ಸಾಧ್ಯ ಎಂಬುದು ಒಂದು ವಿವರಣೆ. ಅದೇ ಗ್ಯಾಲಕ್ಸಿಯ ಯುಎಲ್‌ಎಕ್ಸ್-8ರ ಬೆಳಕಿನಲ್ಲಿ ಕಾಂತಕ್ಷೇತ್ರದ ಗುರುತಾದ ಒಂದು ಕಪ್ಪು ಗೆರೆ ಚಂದ್ರಾಕ್ಕೆ ಸಿಕ್ಕಿದೆ. 2018ರಲ್ಲಿ ಅದು ಪ್ರಕಟವಾಯಿತು, ಅಲ್ಲಿಗೆ ಅದೂ ನ್ಯೂಟ್ರಾನ್ ತಾರೆಯೆಂದಾಯಿತು. 1935ರ ಜನವರಿಯಲ್ಲಿ ಲಂಡನ್ನಿನ ತುಂಬಿದ ಸಭೆಯಲ್ಲಿ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರರ ಲೆಕ್ಕವನ್ನು ಗೇಲಿ ಮಾಡಿದವರು ಇದೇ ಎಡಿಂಗ್ಟನ್. ಈಗ ಎಡಿಂಗ್ಟನ್ ಮಿತಿಯ ಉಲ್ಲಂಘನೆಗಳನ್ನು ಪತ್ತೆಮಾಡುತ್ತಿರುವ ದೂರದರ್ಶಕಗಳಲ್ಲಿ ಒಂದು ಚಂದ್ರಶೇಖರರ ಹೆಸರು ಹೊತ್ತಿದೆ. ಸೇಡಲ್ಲ, ಕಾಕತಾಳೀಯ. ಆದರೂ ಓದುವಾಗ ನಗು ಬಾರದೆ ಇರದು.

ಇನ್ನೊಂದು ಚುಕ್ಕೆ ಇದಕ್ಕಿಂತ ವಿಚಿತ್ರ. ಯುಎಲ್‌ಎಸ್-1 ಎಂದು ಹೆಸರು. ಇಪ್ಪತ್ತು ಸೂರ್ಯರಷ್ಟು ತೂಕದ ನಕ್ಷತ್ರವೊಂದನ್ನು ಹೀರುತ್ತಿರುವ ನ್ಯೂಟ್ರಾನ್ ತಾರೆಯೋ ಕಪ್ಪುಕುಳಿಯೋ ಇದೆ. 2012ರ ಸೆಪ್ಟೆಂಬರ್ 20ರಂದು ಚಂದ್ರಾ ನೋಡುತ್ತಿದ್ದಾಗ ಅದರ ಎಕ್ಸ್‌ರೇ ಇಳಿದು, ಪೂರ್ತಿ ಸೊನ್ನೆಯಾಗಿ, ಮತ್ತೆ ಏರಿತು. ಇಷ್ಟೂ ಮೂರು ಗಂಟೆಯ ಕಥೆ. ದತ್ತಾಂಶ ವರ್ಷಗಟ್ಟಲೆ ಕಡತದಲ್ಲಿ ಮಲಗಿತ್ತು. ರೊಸಾನ್ ಡಿ ಸ್ಟೆಫಾನೊ ನೇತೃತ್ವದ ತಂಡ ಎಂ51ರ 55, ಎಂ101ರ 64, ಎಂ104ರ 119 ಆಕರಗಳನ್ನು ಜರಡಿ ಹಿಡಿದಾಗ ಉಳಿದದ್ದು ಇದೊಂದು. 2021ರಲ್ಲಿ ಅವರು ಹೇಳಿದ್ದು: ಶನಿಗ್ರಹದ ಗಾತ್ರದ ಒಂದು ಗ್ರಹ ಅಡ್ಡ ಹಾದುಹೋಗಿರಬೇಕು.

ಗ್ರಹ ಅಡ್ಡ ಬಂದರೆ ನಕ್ಷತ್ರ ಕಂತುವುದು ಎಲ್ಲಾದರೂ ಉಂಟೆ? ದೂರದಿಂದ ನೋಡುವವರಿಗೆ ಗುರುಗ್ರಹ ಸೂರ್ಯನ ಬೆಳಕಿನ ನೂರಕ್ಕೆ ಒಂದು ಪಾಲನ್ನಷ್ಟೇ ಮರೆಸೀತು, ಭೂಮಿ ಹತ್ತು ಸಾವಿರಕ್ಕೆ ಒಂದನ್ನೂ ಮರೆಸದು. ಇಲ್ಲಿ ನೂರಕ್ಕೆ ನೂರು ಹೋಯಿತು. ಕಾರಣ ಸರಳ. ಹತ್ತು ಲಕ್ಷ ಸೂರ್ಯರಷ್ಟು ಉರಿಯುವ ಆ ಜ್ವಾಲೆಯ ಮೈ ಎಷ್ಟು ಕಿರಿದೆಂದರೆ, ಒಂದು ಗ್ರಹದ ಹಿಂದೆ ಅಡಗಿಕೊಳ್ಳಬಲ್ಲದು. ಧೂಳಿನ ಮೋಡ ಅಡ್ಡ ಬಂದಿದ್ದರೆ ಕಡಿಮೆ ಶಕ್ತಿಯ ಎಕ್ಸ್‌ರೇ ಮೊದಲು ಕುಂದಿ ಹೆಚ್ಚಿನ ಶಕ್ತಿಯದು ಆಮೇಲೆ ಕುಂದಬೇಕಿತ್ತು. ಇಲ್ಲಿ ಎಲ್ಲವೂ ಒಟ್ಟಿಗೇ ಕುಂದಿದವು. ಅಲ್ಲಿಯವರೆಗೆ ಗೊತ್ತಿದ್ದ ಪರಗ್ರಹಗಳಲ್ಲಿ ಹೆಚ್ಚಿನವೆಲ್ಲ ಮೂರು ಸಾವಿರ ಜ್ಯೋತಿರ್ವರ್ಷದೊಳಗಿನವು, ನಮ್ಮ ಆಕಾಶಗಂಗೆಯ ಹಿತ್ತಿಲಿನವು. ಇದು ನಿಜವಾದರೆ ಒಂದೇ ಜಿಗಿತಕ್ಕೆ ಒಂಬತ್ತು ಸಾವಿರ ಪಟ್ಟು ದೂರ.

ನಿಜವಾದರೆ ಎಂಬ ಮಾತನ್ನು ಒತ್ತಿ ಹೇಳಬೇಕು. ಸುದ್ದಿ ವಾಹಿನಿಗಳು ಬೇರೆ ಗ್ಯಾಲಕ್ಸಿಯಲ್ಲಿ ಗ್ರಹ ಪತ್ತೆ ಎಂದು ಘೋಷಿಸಿಬಿಟ್ಟವು. ತಂಡ ಹೇಳಿದ್ದು ಅಭ್ಯರ್ಥಿ ಎಂದು ಮಾತ್ರ. ಒಂದೇ ಸಲ ಕಂಡದ್ದು ಸಾಕ್ಷಿಯಾಗದು. ಇನ್ನೊಮ್ಮೆ ಅಡ್ಡ ಬರಬೇಕು. ಶನಿ ನಮ್ಮ ಸೂರ್ಯನಿಂದ ಇರುವುದರ ಎರಡರಷ್ಟು ದೂರದ ಕಕ್ಷೆ ಅದರದ್ದಾಗಿರುವುದರಿಂದ ಸುಮಾರು 70 ವರ್ಷ ಬೇಕು. ಎಂದರೆ 2080ರ ದಶಕ.

ಈ ಕೆಲಸದಲ್ಲಿ ನಮ್ಮ ಪಾಲೂ ಇದೆ, ಹಳೆಯದೇ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ 1975ರಲ್ಲಿ ಹಾರಿಸಿದ ಆರ್ಯಭಟ ಉಪಗ್ರಹದಲ್ಲೇ ಎಕ್ಸ್‌ರೇ ಖಗೋಳದ ಉಪಕರಣವಿತ್ತು. ವಿದ್ಯುತ್ ಕೈಕೊಟ್ಟು ನಾಲ್ಕೇ ದಿನಕ್ಕೆ ಪ್ರಯೋಗಗಳು ನಿಂತವು. ನಲವತ್ತು ವರ್ಷದ ಮೇಲೆ, 2015ರಲ್ಲಿ, ಆಸ್ಟ್ರೋಸ್ಯಾಟ್ ಹಾರಿತು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣ ಪೋಲಿಕ್ಸ್ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಆ ಸಂಸ್ಥೆ ಕಟ್ಟಿದ ಸಿ.ವಿ. ರಾಮನ್, ಚಂದ್ರಶೇಖರರ ಚಿಕ್ಕಪ್ಪ. ಆದರೆ ಎಂ51ರ ನಾನೂರನ್ನು ನಮ್ಮ ಉಪಗ್ರಹಗಳು ಬಿಡಿಬಿಡಿಯಾಗಿ ನೋಡಲಾರವು. ಆಸ್ಟ್ರೋಸ್ಯಾಟ್‌ನ ಎಕ್ಸ್‌ರೇ ದೂರದರ್ಶಕದ ನೋಟ ಚಂದ್ರಾಕ್ಕಿಂತ ನೂರಾರು ಪಟ್ಟು ಮಸುಕು, ಅಲ್ಲಿನ ಚುಕ್ಕೆಗಳೆಲ್ಲ ಒಂದಕ್ಕೊಂದು ಕಲಸಿಹೋಗುತ್ತವೆ. ನಮ್ಮ ಗ್ಯಾಲಕ್ಸಿಯೊಳಗಿನ ಪ್ರಖರ ಜೋಡಿಗಳ ಮಿಡಿತ ಅಳೆಯುವುದರಲ್ಲಿ ಆಸ್ಟ್ರೋಸ್ಯಾಟ್‌ನ ಸಾಮರ್ಥ್ಯ. ಆ ಕೆಲಸವನ್ನು ಚೆನ್ನಾಗಿಯೇ ಮಾಡಿದೆ.

ದೂರದರ್ಶಕ ನಮ್ಮದಲ್ಲದಿದ್ದರೂ ದತ್ತಾಂಶ ನಮ್ಮದಾಗಬಹುದು. ಚಂದ್ರಾ ನೋಡಿದ್ದೆಲ್ಲವೂ ಸಾಮಾನ್ಯವಾಗಿ ಒಂದು ವರ್ಷದೊಳಗೆ ಜಗತ್ತಿಗೆ ಬಿಡುಗಡೆಯಾಗುತ್ತದೆ. ಎಂ51ರ ಆ ಹತ್ತು ಲಕ್ಷ ಸೆಕೆಂಡಿನ ಪ್ರತಿ ಫೋಟಾನೂ, ಬಂದ ಗಳಿಗೆ, ಬಿದ್ದ ಜಾಗ, ಶಕ್ತಿ ಸಮೇತ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ವಿಶ್ಲೇಷಿಸುವ ತಂತ್ರಾಂಶವೂ ಪುಕ್ಕಟೆ. ಯುಎಲ್‌ಎಸ್-1ರ ಗ್ರಹಣ ಸಿಕ್ಕಿದ್ದು ಇಂಥ ಹಳೆಯ ಕಡತದಲ್ಲೇ, ಅದೂ ಎಷ್ಟೋ ವರ್ಷದ ಮೇಲೆ. ಎಂ.ಎಸ್ಸಿ. ಭೌತಶಾಸ್ತ್ರದ ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಎನ್ನುವ ವಿದ್ಯಾರ್ಥಿಗಳು, ಧಾರವಾಡದವರಿರಲಿ ಕಲಬುರಗಿಯವರಿರಲಿ, ಈ ಕಡತಗಳನ್ನು ಒಮ್ಮೆ ತೆರೆದು ನೋಡಲಿ. ಬೇಕಾಗಿರುವುದು ಒಂದು ಲ್ಯಾಪ್‌ಟಾಪ್ ಮತ್ತು ಹತ್ತು ಗಂಟೆಗೊಂದು ಫೋಟಾನನ್ನು ಎಣಿಸುವ ತಾಳ್ಮೆ.